ಅಪ್‌ಡೇಟ್: ಸೀಲಿಂಗ್ ಸೋರುವುದು ನಿಂತಿತು

ನಮ್ಮ ಫ್ಲಾಟಿನ ಬಾತ್‌ರೂಮ್ ಸೀಲಿಂಗ್ ಸೋರುತ್ತಿದೆ, ಮೇಲಿನ ಮನೆಯವರು ‘ನಮ್ಮದಲ್ಲ’ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ ನಿಂತಿದೆ.

ವಾಟರ್‌ಪ್ರೂಫ್ ಪೇಂಟ್ ಸಲಹೆ ಕೆಲಸಕ್ಕೆ ಬರಲಿಲ್ಲ. ಗುಳ್ಳೆ ಎದ್ದು ಹಪ್ಪಳದ ಹಾಗೆ ಉದುರಿತು. ನೀರು ಮೇಲಿನಿಂದ ಬರುವಾಗ ಕೆಳಗೆ ಬಳಿದು ಏನು ಪ್ರಯೋಜನ, ಅಲ್ವಾ?

ಕೈ ಹಿಡಿದಿದ್ದು ಬಣ್ಣದ ನೀರಿನ ಪರೀಕ್ಷೆ. ಹೇಳಿದವರಿಗೆ ಥ್ಯಾಂಕ್ಸ್! ಮೇಲಿನ ಮನೆ ಆಂಟಿಯನ್ನು ಒಪ್ಪಿಸಿ, ಅವರ ನಹಾನಿ ಟ್ರ್ಯಾಪಿಗೆ (ಬಾತ್‌ರೂಮ್ ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಭಾಗ) ಕೆಂಪು ಬಣ್ಣ ಕಲಸಿದ ನೀರು ಸುರಿದೆವು. ಮರುದಿನ ನಮ್ಮ ಸೀಲಿಂಗಿನಲ್ಲಿ ಕೆಂಪು ಕಲೆ. ಆಮೇಲೆ ವಾದವೇ ಇಲ್ಲ. ಪ್ಲಂಬರ್ ಟೈಲ್ಸ್ ಒಡೆದು ಟ್ರ್ಯಾಪಿನ ಜಾಯಿಂಟ್ ಬದಲಿಸಿದರು. ಆ ಖರ್ಚು ಆಂಟಿಯದು, ಸೀಲಿಂಗ್ ಪೇಂಟ್ ನಮ್ಮದು.

ಗೊತ್ತಿರದ ವಿಷಯ ಒಂದು: ಪೈಪ್ ಎಳೆಯಲು ಅಂತ ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ ಇಟ್ಟಿಗೆ ಚೂರು ತುಂಬಿರುತ್ತಾರೆ. ಸೋರಿದ ನೀರು ಅಲ್ಲೇ ಕೂಡಿಕೊಳ್ಳುತ್ತದೆ. ಹಾಗಾಗಿ ರಿಪೇರಿ ಆದ ಮೇಲೂ ಸ್ವಲ್ಪ ದಿನ ತೊಟ್ಟಿಕ್ಕುತ್ತದೆ, ಸುಮ್ನೆ ಗಾಬರಿಯಾಗಬೇಡಿ.

ಹೊಸ ಫ್ಲಾಟಿನವರಿಗೆ: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಸೆಕ್ಷನ್ 14(3)ರ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಇಂಥ ಕಳಪೆ ಕೆಲಸವನ್ನು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ನಮ್ಮದು ಹಳೇ ಕಟ್ಟಡ, ಆ ದಾರಿ ಇರಲಿಲ್ಲ.