ಸಹಾಯ ಬೇಕು: ಕಲ್ಲಿದ್ದಲು ಗಣಿ ದೂಳು, ಅಪ್ಪನ ಕೆಮ್ಮು

ನಮ್ಮ ಮನೆ ತೆರೆದ ಕಲ್ಲಿದ್ದಲು ಗಣಿಯ ಪಕ್ಕದಲ್ಲೇ ಇದೆ. ಟಾರ್ಪಾಲು ಹಾಕದ ಲಾರಿಗಳು ಹಗಲೂ ರಾತ್ರಿ ಓಡಾಡುತ್ತವೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಕಪ್ಪು ದೂಳು. ಕಣ್ಣಿಗೆ ಕಾಣುವುದಕ್ಕಿಂತ ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಎಂಬ ಅತಿ ಸಣ್ಣ ಕಣಗಳೇ ಜಾಸ್ತಿ ಅಪಾಯ ಅಲ್ವಾ? ಇಲ್ಲಿ ಅದನ್ನು ಅಳೆಯುವವರೇ ಇಲ್ಲ.

ಅಪ್ಪ ಗಣಿಯಲ್ಲೇ ದುಡಿದು ನಿವೃತ್ತರಾದವರು. ಈಗ ಬಿಡದ ಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯ್ತು ಅಂತ ಸುಮ್ನಿದ್ದಾರೆ. ಆದರೆ ಕಲ್ಲಿದ್ದಲು ದೂಳಿನ ಕಾಯಿಲೆ ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಎದೆ ಎಕ್ಸ್‌ರೇ, ಸ್ಪೈರೋಮೆಟ್ರಿ (ಊದಿಸಿ ಉಸಿರಾಟದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಬೇಕು ಅಂದುಕೊಂಡಿದ್ದೇನೆ. ಸಿಟಿ ಸ್ಕ್ಯಾನ್ ಕೂಡ ಬೇಕಾಗುತ್ತದಾ? ಗಾಳಿಯ ದೂಳು ಅಳೆಯಲು ಮನೆಯಲ್ಲಿ ಇಡುವ ಅಗ್ಗದ ಮೀಟರನ್ನು ನಂಬಬಹುದಾ? ಅದರ ಅಂಕಿಗಳನ್ನು ಗಣಿ ದೂಳಿನ ಬಗ್ಗೆ ಕೊಡುವ ದೂರಿನ ಜೊತೆ ಕೊಟ್ಟರೆ ಒಪ್ಪುತ್ತಾರಾ?

ಮಾಸ್ಕ್ ಹಾಕಿ ಅಂತ ಮಾತ್ರ ಹೇಳಬೇಡಿ, ಮಲಗುವಾಗಲೂ ಹಾಕಲು ಆಗುವುದಿಲ್ಲ. ಇಂಥ ಕಡೆ ಇದ್ದವರು, ವೈದ್ಯರು ದಯವಿಟ್ಟು ತಿಳಿಸಿ.