ಅರ್ಜಿಯಲ್ಲಿ ವಿಡಿಯೋ ಗೇಮ್ ಹುಚ್ಚು ಬರೆಯಬಹುದಾ?

ಪ್ರಶ್ನೆ: ಮಡಿಕೇರಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದೇನೆ, ಅಮೆರಿಕದ ಇಂಜಿನಿಯರಿಂಗ್ ಕಾಲೇಜುಗಳಿಗೂ ಅರ್ಜಿ ಹಾಕಬೇಕು ಅಂತಿದೆ. ಆದರೆ ಮಳೆಗಾಲದಲ್ಲಿ ಕರೆಂಟ್ ಇದ್ದಾಗೆಲ್ಲ ಮೈನ್‌ಕ್ರಾಫ್ಟ್ ಆಡುವುದೇ ನನ್ನ ಹವ್ಯಾಸ. ಕೊಡಗಿನಲ್ಲಿ ಹುಟ್ಟಿಯೂ ಹಾಕಿ ಸ್ಟಿಕ್ ಹಿಡಿದವನಲ್ಲ! ಬರೆದರೆ ನಗುತ್ತಾರಾ?

ಉತ್ತರ 1: ಸಿಇಟಿ, ಜೆಇಇಗಾದರೆ ಚಿಂತೆ ಬೇಡ. ಅಲ್ಲಿ ಮಾತಾಡೋದು ರ‍್ಯಾಂಕ್, ಹವ್ಯಾಸ ಯಾರೂ ಕೇಳಲ್ಲ.

ಉತ್ತರ 2: ಅಮೆರಿಕದ ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗೆ ಇರುವುದು 10 ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ ಅಷ್ಟೇ. ಸುಮ್ನೆ 'ಗೇಮ್ ಆಡುತ್ತೇನೆ' ಅಂದರೆ ಜಾಗ ದಂಡ. ರೆಡ್‌ಸ್ಟೋನ್‌ನಲ್ಲಿ (ಆಟದೊಳಗಿನ ಕರೆಂಟ್ ತಂತಿಯಂಥದ್ದು) ಲಾಜಿಕ್ ಗೇಟ್ ಕಟ್ಟಿದ್ದೀರಾ? ಜಾವಾದಲ್ಲಿ ಮಾಡ್, ಅಂದರೆ ಆಟವನ್ನು ಬದಲಿಸುವ ಕೋಡ್, ಬರೆದಿದ್ದೀರಾ?

ಪ್ರಶ್ನೆ ಕೇಳಿದವರು: ಆಟದಲ್ಲಿ ಹಾಪರ್‌ಗಳನ್ನು (ಸಾಮಾನು ಸಾಗಿಸುವ ಆಲಿಕೆಗಳು) ಜೋಡಿಸಿ, ಸಾಮಾನು ತಾನಾಗಿ ಬೇರೆ ಬೇರೆ ಪೆಟ್ಟಿಗೆಗೆ ಬೀಳುವ ಯಂತ್ರ ಮಾಡಿದ್ದೆ. ಅಜ್ಜ ನೋಡಿ 'ತೋಟದ ಪಲ್ಪರ್‌ಗಿಂತ ವಾಸಿ' ಅಂದಿದ್ದರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಅದು).

ಉತ್ತರ 2: ಮತ್ತಿನ್ನೇನು ಮಾರಾಯ್ರೇ, ಅದನ್ನೇ ಬರೆಯಿರಿ!