ಅಪ್ಪಾಜಿಗೆ ಲಕ್ವಾ ಹೊಡದದ, ಧೈರ್ಯ ಹ್ಯಾಂಗ ಹಿಡೀಬೇಕು ಹೇಳ್ರಿ

ಶಹಾಪುರದಿಂದ:
ಎಲ್ಲರಿಗೂ ಶರಣು. ಅಪ್ಪಾಜಿಗೆ ಲಕ್ವಾ ಹೊಡದು ಇವತ್ತಿಗೆ 12 ದಿನ. ಬಲಗೈ ಬಲಗಾಲು ಬಿದ್ದಾವ, ಮಾತು ಹೊರಡವಲ್ದು. ಕಲಬುರಗಿ ದವಾಖಾನ್ಯಾಗ ಇದ್ದೀವಿ, ಟೈಮ್ ಬೇಕು ಅಂತಾರ ಡಾಕ್ಟರ್, ಅಷ್ಟೇ. ಅವ್ವ ಊಟ ಬಿಟ್ಟಾಳ. ಮನ್ಯಾಗ ದೊಡ್ಡ ಮಗಳು ನಾನೇ, ಎಲ್ಲಾರ ಮುಂದ ಗಟ್ಟಿ ಇರ್ತೀನಿ, ರಾತ್ರಿ ಒಬ್ಬಾಕಿನೇ ಅಳ್ತೀನಿ. ಇಂಥಾದು ದಾಟಿ ಬಂದೋರು ಹ್ಯಾಂಗ ದಾಟಿದ್ರಿ?

ಕಲಬುರಗಿಯಿಂದ:
ತಂಗಿ, 2019ರಾಗ ನಮ್ಮ ಅವ್ವಗ ಹಿಂಗೇ ಆಗಿತ್ತು. ಡಾಕ್ಟರ್ ಕಂಡಕೂಡ್ಲೆ ನಾ ಒಂದೇ ಕೇಳ್ತಿದ್ದೆ, ಪೂರಾ ಯಾವಾಗ ಆರಾಮ ಆಗ್ತಾಳ್ರಿ ಅಂತ, ಅದಕ್ಕ ಅವರ ಹತ್ರಾನೂ ಉತ್ತರ ಇದ್ದಿದ್ದಿಲ್ಲ, ದಿನಾ ಕೇಳೋದು ದಿನಾ ಮಾರಿ ಸಣ್ಣದು ಮಾಡ್ಕೊಂಡು ಬರೋದು. ಕಡೀಕ ಫಿಸಿಯೋಥೆರಪಿ ಅಕ್ಕಾರು ಅಂದ್ರು, ಅದು ಬಿಡ್ರಿ, ಇವತ್ತ ನಾ ಏನು ಮಾಡ್ಲಿ ಅಂತ ಕೇಳ್ರಿ. ಅವತ್ತಿಂದ ನನ್ನ ಕೈಗೆ ಕೆಲಸ ಸಿಕ್ತು ನೋಡು. ಬೆನ್ನಿಗೆ ಹುಣ್ಣ ಆಗಬಾರ್ದಂತ ಎರಡು ತಾಸಿಗೊಮ್ಮಿ ಮಗ್ಗಲಾ ಬದಲ್ಸೋದು, ಬಿದ್ದ ಕೈ ತೆಳಗ ದಿಂಬು ಇಡೋದು. ನೀರು ಗಂಜಿ ಬಾಯಿಗೆ ಹಾಕೋಕಿಂತ ಮೊದಲ ನುಂಗಾಕ ಬರ್ತದೇನು ಅಂತ ಸಿಸ್ಟರ್‌ಗೆ ಕೇಳು, ಮಲಗಿದಲ್ಲೇ ಹಾಕಬ್ಯಾಡ, ಲಕ್ವಾದಾಗ ನೀರು ಶ್ವಾಸನಾಳಕ್ಕ ಇಳಿದು ನ್ಯುಮೋನಿಯಾ ಆಗ್ತದ.

ಮನಿಗೆ ಬಂದ ಮ್ಯಾಲ ದಿನಾ ಮುಂಜಾನಿ ತಾಟಿನ್ಯಾಗ ಒಂದು ಹಿಡಿ ತೊಗರಿಕಾಳು ಹಾಕಿ ಅವ್ವನ ಮುಂದ ಇಡ್ತಿದ್ದೆ, ಒಂದೊಂದೇ ತಗದು ಬಟ್ಟಲಕ್ಕ ಹಾಕಬೇಕು. ಜೀವನಪೂರಾ ತೊಗರಿ ರಾಶಿ ಮಾಡಿದ ಕೈ ಅದು. ಬೆರಳು ಕಾಳಿನ ತನಕಾ ಹೋಗ್ತಿದ್ವು, ಮುಚ್ಚಿಕೊಳ್ತಿದ್ದಿಲ್ಲ, ಕಾಳು ಜಾರಿ ಗೋಡಿ ಕಡೆ ಉರುಳ್ತಿತ್ತು, ಆಕಿ ಸಿಟ್ಟಿಗೆದ್ದು ಎಡಗೈಯಿಂದ ತಾಟು ತಳ್ಳಿಬಿಡ್ತಿದ್ಳು. ನಾ ಕಾಳೆಲ್ಲಾ ಮತ್ತ ಕೂಡಿಸಿ, ಕ್ಯಾಲೆಂಡರ್ ಮ್ಯಾಲ ಆ ತಾರೀಖಿಗೆ ಸೊನ್ನಿ ಬರೀತಿದ್ದೆ. 23 ದಿನ ಸೊನ್ನಿನೇ. ಆಮ್ಯಾಲ ಒಂದು ದಿನ 1 ಬರದೆ, ಮನಿ ಮಂದಿ ಎಲ್ಲಾ ಬಂದು ಆ ಒಂದು ಕಾಳು ನೋಡಿದ್ರು.

ಮಾತಿನ ಸಂಗತಿನೂ ಹೇಳ್ತೀನಿ. ನೀರು ಅನ್ನಾಕ ಬರ್ತಿದ್ದಿಲ್ಲ ಆಕಿಗೆ, ಖರೇ ಸಂಜಿಮುಂದ ನಮ್ಮ ಅಪ್ಪ ಓಂ ನಮಃ ಶಿವಾಯ ಅನ್ಕೋತ ಕುಂತಾಗ ಜೋಡಿ ತಾನೂ ಅಂದುಬಿಟ್ಳು. ಬಾಯಿಪಾಠದ್ದು, ಹಾಡು, ಎಣಿಕಿ ಇವು ಭಾಳ ಮಂದಿಗೆ ಮೊದಲ ಬರ್ತಾವ ಅಂತ ಸ್ಪೀಚ್ ಥೆರಪಿಯವರು ಹೇಳಿದ್ರು. ನಿಮ್ಮ ಅಪ್ಪಾಜಿಗೆ ಯಾವ ವಚನ, ಯಾವ ಭಜನಿ ಗೊತ್ತದ ಅದು ಅವರ ಜೋಡಿ ಕುಂತು ಹಾಡು. ಮೊದಲ ಮೂರ್ನಾಕು ತಿಂಗಳದಾಗ ಸುಧಾರಣಿ ಹೆಚ್ಚು, ಆಮ್ಯಾಲನೂ ನಿಧಾನಕ್ಕ ನಡೀತದ. 12 ದಿನ ಭಾಳ ಕಮ್ಮಿ ತಂಗಿ.

ಬೀದರ್‌ನಿಂದ:
ನಿಮ್ಮ ಅವ್ವನ ಊಟದ ಮಾತು ಓದಿ ಬರೀಲಾಕತ್ತೀನಿ. ನಮ್ಮ ಅಣ್ಣ ಹೈದರಾಬಾದ್‌ನಾಗ ಐಸಿಯುದಾಗ ಇದ್ದಾಗ ವೈನಿ ಬೆಂಚ್ ಬಿಟ್ಟು ಏಳ್ತಿದ್ದಿಲ್ಲ, ಐದನೇ ದಿನಕ್ಕ ಚಕ್ಕರ್ ಬಂದು ಬಿದ್ರು, ನಾವು ಇಬ್ರು ಪೇಷಂಟ್ ನೋಡ್ಕೋಬೇಕಾತು. ಆಮ್ಯಾಲ ಪಾಳಿ ಹಚ್ಚಿದ್ವಿ, ಹಗಲು ಒಬ್ರು ರಾತ್ರಿ ಒಬ್ರು. ಊರಿಗೆ ಬಂದ ದಿನ ನಾ ನಾನಕ್ ಝೀರಾ ಗುರುದ್ವಾರಕ್ಕ ಹೋಗಿ ಲಂಗರದಾಗ, ಅಂದ್ರ ಅಲ್ಲಿನ ದಾಸೋಹದಾಗ, ಸಾಲಿಗೆ ಕುಂತು ಉಣ್ತಿದ್ದೆ, ಬಾಜೂ ಕುಂತೋರು ಯಾರಂತ ಗೊತ್ತಿಲ್ಲ, ಯಾರೂ ಏನೂ ಕೇಳಂಗಿಲ್ಲ, ಅಷ್ಟು ಹೊತ್ತು ಎದಿ ಹಗುರ ಆಗ್ತಿತ್ತು. ಅವ್ವನ್ನ ಒತ್ತಾಯ ಮಾಡಿ ಎಬ್ಬಿಸ್ರಿ.

ಸೇಡಂನಿಂದ:
ಬಿಪಿಎಲ್ ಕಾರ್ಡ್ ಇದ್ರ ದವಾಖಾನ್ಯಾಗ ಸರ್ಕಾರಿ ಯೋಜನಾದ ಕೆಲಸ ಮಾಡಿಕೊಡೋ ಆರೋಗ್ಯ ಮಿತ್ರ ಯಾರಂತ ಇವತ್ತೇ ಕೇಳ್ರಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷ ತನಕಾ ಚಿಕಿತ್ಸಾದ ಖರ್ಚು ಅದ, ರೊಕ್ಕದ ಚಿಂತಿ ಒಂದು ಕಮ್ಮಿ ಆದ್ರೂ ನಿದ್ದಿ ಬರ್ತದ. ಪಾರಿವಾಳದ ರಕ್ತ ಹಚ್ಚ್ರಿ, ಗುಳಿಗಿ ಬಿಡ್ರಿ ಅನ್ನೋರು ಬರ್ತಾರ. ಕೇಳಬ್ಯಾಡ್ರಿ. ನಮ್ಮ ಕಾಕಾ ಬಿಪಿ ಗುಳಿಗಿ ಬಿಟ್ರು, ಎರಡನೇ ಸಲ ಹೊಡೀತು. ಅಪ್ಪಾಜಿ ಕಾರಣಿಲ್ಲದ ಅತ್ರ ಅಂಜಬ್ಯಾಡ್ರಿ, ಈ ಬ್ಯಾನ್ಯಾಗ ಹಂಗ ಆಗ್ತದ, ಡಾಕ್ಟರ್‌ಗೆ ಮಾತ್ರ ಹೇಳ್ರಿ. ಬಂದೋರು ಅವರ ಮುಂದ ನಿಂತು ಹೋತು, ಇನ್ನೇನು ಉಳೀತು ಅನ್ನದಂಗ ನೋಡ್ಕೋರಿ. ಬಾಯಿ ಬರದಿದ್ರೂ ಕಿವಿ ಕೇಳ್ತಿರ್ತದ.

ಶಹಾಪುರದಿಂದ:
ಎಲ್ಲಾ ಅವ್ವಗ ಓದಿ ಹೇಳಿದೆ. ಅರ್ಧ ರೊಟ್ಟಿ ತಿಂದಾಳ. ನಾಳೆ ರೌಂಡ್ಸಿಗೆ ಬಂದಾಗ ನುಂಗೋದರ ಬಗ್ಗೆ ಕೇಳ್ತೀನಿ, ತಮ್ಮಗ ರಾತ್ರಿ ಪಾಳಿಗೆ ಬಾ ಅಂತ ಫೋನ್ ಮಾಡೀನಿ.